ಗೋದಾಮಿನ ಮೇಲೊಂದು ವಿಮಾನ ಕಂಪನಿ

ವಿಮಾನದ ಕಂಪನಿಯಲ್ಲಿ ಕೆಲಸ ಎಂದರೆ ಜನ ಮೊದಲು ನನ್ನ ಬೂಟು ನೋಡುತ್ತಾರೆ. ಆಮೇಲೆ ಆಫೀಸು ಎಲ್ಲಿ ಎಂದು ಕೇಳುತ್ತಾರೆ. ತಿಪಟೂರಿನಲ್ಲಿ, ಕೊಬ್ಬರಿ ಗೋದಾಮಿನ ಮೇಲೆ ಎಂದರೆ ಮಾತು ಅಲ್ಲಿಗೆ ನಿಂತುಹೋಗುತ್ತದೆ. ಆ ಗೋದಾಮಿನ ಮೆಟ್ಟಿಲು ಹತ್ತಿದ ದಿನದಿಂದ ನಗದೆ ಒಂದು ವಾರವೂ ಕಳೆದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ನಮ್ಮ ಯಜಮಾನರು ಮೂವತ್ತು ವರ್ಷ ಕೊಬ್ಬರಿ ಲಾರಿಗಳನ್ನು ನಡೆಸಿದವರು. ಉತ್ತರಕ್ಕೆ ಹೊರಟ ಲೋಡು ಒಂದು ಸಲ ದಾರಿಯಲ್ಲೇ ಮಳೆಗೆ ನೆನೆದು ಬೂಸಲು ಹಿಡಿದಾಗ, "ನೆಲದ ಸಹವಾಸವೇ ಸಾಕು ಕಣ್ರಪ್ಪ" ಎಂದವರೇ ಲಾರಿಗಳನ್ನೆಲ್ಲ ಮಾರಿ, ಒಂದು ಹಳೆಯ ಸರಕು ವಿಮಾನವನ್ನು ಬಾಡಿಗೆಗೆ ತಂದು ಬೆಂಗಳೂರಿನ ನಿಲ್ದಾಣದಲ್ಲಿ ನಿಲ್ಲಿಸಿದರು. ನಮಗೆ ಟೈಮ್‌ಟೇಬಲ್ ಇಲ್ಲ. ಬೇಕಾದವರು ಬೇಕಾದಾಗ ಇಡೀ ವಿಮಾನವನ್ನೇ ಗೊತ್ತು ಮಾಡಿಕೊಳ್ಳುತ್ತಾರೆ, ಲಾರಿ ಗೊತ್ತು ಮಾಡಿಕೊಂಡ ಹಾಗೆ. ನಾನು ಲೋಡ್‌ಮಾಸ್ಟರ್. ಯಾವ ಮೂಟೆ ವಿಮಾನದ ಯಾವ ಜಾಗದಲ್ಲಿರಬೇಕು, ಎಷ್ಟು ತೂಕ ಏರಬಹುದು ಎಂದು ಗೊತ್ತು ಮಾಡಿ ಸಹಿ ಹಾಕುವವನು. ನನ್ನ ಸಹಿ ಬೀಳದೆ ಕ್ಯಾಪ್ಟನ್ ಎಂಜಿನ್ ಮುಟ್ಟುವುದಿಲ್ಲ.

ವಿಮಾನ ಕೊಟ್ಟ ಮುಂಬೈಯವರಿಗೆ ನಮ್ಮ ಗೋದಾಮು ನೋಡಿ ಅನುಮಾನ ಬಂತು. "ಆರು ತಿಂಗಳು ನಡೆಸಿ ತೋರಿಸಿ. ತೂಕದಲ್ಲಿ ಒಂದು ತಪ್ಪಾದರೂ, ಒಂದು ಸಲ ತಡವಾದರೂ ವಿಮಾನ ವಾಪಸ್" ಎಂದು ಹೇಳಿ, ನಮ್ಮ ಮೇಲೆ ಕಣ್ಣಿಡಲು ಒಬ್ಬರು ಮೇಡಂ ಅವರನ್ನು ಕಳಿಸಿದರು. ಅವರ ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು. ವಿಮಾನ ಹೋದರೆ ಯಜಮಾನರಿಗೆ ಹಿಂದಕ್ಕೆ ಹೋಗಲು ಲಾರಿಯೂ ಇಲ್ಲ, ನಮಗೆ ಕೆಲಸವೂ ಇಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಯಜಮಾನರು ಮಾತ್ರ, "ಆಯ್ತದೆ ಬುಡ್ಲಾ" ಎಂದು ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಿದ್ದರು.

೧. ಹಳೇ ಕೈ

ತಿಪಟೂರಿನ ನಮ್ಮ ಶೆಡ್ಡಿಗೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಮೊದಲ ಮೂಟೆ ಇಡುವ ಮುಂಚೆ ಯಜಮಾನರು ಆ ಮೂಟೆಯನ್ನು ಅಭ್ಯಾಸಬಲದಿಂದ ಒಮ್ಮೆ ಎತ್ತಿ ಇಳಿಸಿ, "ನಲವತ್ತೆಂಟು ಕೆಜಿ" ಎಂದರು. ತಕ್ಕಡಿ ನಲವತ್ತಾರು ತೋರಿಸಿತು.

"ತಕ್ಕಡಿ ಸರಿ ಇಲ್ಲ" ಎಂದರು ಯಜಮಾನರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ನನಗೆ ನಾಚಿಕೆಯಾಯಿತು. "ಯಜಮಾನ್ರೇ, ಇದು ಹೊಸ ಮೆಷಿನ್ನು" ಎಂದೆ.

"ಅದನ್ನೇ ಹೇಳ್ತಿರೋದು ಕಣ್ಲಾ. ಅದು ಹೊಸದು, ನನ್ ಕೈ ಹಳೇದು."

ತುಮಕೂರಿನಿಂದ ಮೆಕ್ಯಾನಿಕ್ ಬಂದು ತನ್ನ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿದ. ತಕ್ಕಡಿ ಎರಡು ಕೆಜಿ ಕಡಿಮೆ ತೋರಿಸುತ್ತಿತ್ತು. ಆ ತಕ್ಕಡಿ ನಂಬಿ ವಿಮಾನ ತುಂಬಿಸಿದ್ದರೆ ನಮ್ಮ ಕಥೆ ಮೊದಲ ದಿನವೇ ಮುಗಿಯುತ್ತಿತ್ತು. ಮೇಡಂ ಪೆನ್ನು ಮುಚ್ಚಿದರು. ಈಗಲೂ ಆ ಮೆಕ್ಯಾನಿಕ್ ತಪಾಸಣೆಗೆ ಬಂದಾಗ ಚೀಲದಿಂದ ಕಲ್ಲು ತೆಗೆಯುವ ಮೊದಲು ಕೇಳುವುದು ಒಂದೇ, "ಯಜಮಾನ್ರು ಒಳಗವ್ರಾ?"

೨. ಹಂದನಕೆರೆ ಗಂಟು

ನಮ್ಮ ಲೋಡಿಂಗ್ ಮೇಸ್ತ್ರಿ ಹಂದನಕೆರೆಯವನು. ಲಾರಿ ಮೇಲೆ ಟಾರ್ಪಾಲು ಬಿಗಿದೇ ಕೂದಲು ಬೆಳ್ಳಗಾದವನು. ವಿಮಾನದಲ್ಲಿ ಸರಕಿನ ಮೇಲೆ ಬಲೆ ಹಾಕಿ ಕೊಕ್ಕೆ ಸಿಕ್ಕಿಸುತ್ತೇವೆ. ಅವನಿಗೆ ಕೊಕ್ಕೆಯ ಮೇಲೆ ನಂಬಿಕೆ ಇಲ್ಲ. ಗಲ್ಫಿಗೆ ಹೊರಟ ಒಂದು ಲೋಡಿಗೆ ನನಗೆ ತಿಳಿಯದಂತೆ ಮೇಲಿಂದ ಒಂದು ಹಗ್ಗವನ್ನೂ ಬಿಗಿದಿದ್ದ.

ಗಲ್ಫಿನಲ್ಲಿ ಇಳಿಸುವವರು ಆ ಗಂಟಿನ ಜೊತೆ ಅರ್ಧ ಗಂಟೆ ಒದ್ದಾಡಿ ಫೋನ್ ಮಾಡಿದರು. ಅಲ್ಲಿ ತಡವಾದರೆ ವಾಪಸು ಹೊರಡುವುದೂ ತಡ. "ಹಗ್ಗ ಕತ್ತರಿಸಿ" ಎಂದೆ.

ಮೇಸ್ತ್ರಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. "ಹಗ್ಗ ಕುಯ್ಯಂಗಿಲ್ಲ. ಅವ್ರಿಗೆ ವಿಡಿಯೋ ಹಾಕು ಅನ್ನಿ."

ವಿಡಿಯೋದಲ್ಲಿ ಅವನು ಕನ್ನಡದಲ್ಲಿ ಹೇಳಿದ, ಅವರು ಅರಬ್ಬಿಯಲ್ಲಿ ಕೇಳಿಸಿಕೊಂಡರು. "ಆ ತುದಿ ಅಲ್ಲ ಕಣಪ್ಪ, ಇತ್ಲಾಗಿಂದು. ಹಾಂ, ಎಳಿ." ಒಂದೇ ಎಳೆತಕ್ಕೆ ಗಂಟು ಕಳಚಿ ಬಿತ್ತು. ಆ ಕಡೆಯವರು ಚಪ್ಪಾಳೆ ತಟ್ಟಿದರು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು. ಮೇಡಂ ಮಾತ್ರ ಬಹಳ ಹೊತ್ತು ನೋಟ್‌ಬುಕ್ಕು ತಿರುವುತ್ತಿದ್ದರು. ಸರಕು ಸಡಿಲವಾಗಿದ್ದರೆ ಬರೆಯಲು ಅದರಲ್ಲಿ ಜಾಗವಿತ್ತು, ಇಷ್ಟೊಂದು ಬಿಗಿಯಾಗಿದ್ದರೆ ಎಲ್ಲಿ ಬರೆಯಬೇಕು ಎಂದು ಅವರ ಕಂಪನಿ ಹೇಳಿಕೊಟ್ಟಿರಲಿಲ್ಲ.

೩. ಅತ್ತೆ ತಂದ ಚಾಪೆ

ದಬ್ಬೇಘಟ್ಟದ ನನ್ನ ಸೋದರತ್ತೆ ಒಂದು ಬೆಳಿಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದ ಸರಕು ಗೇಟಿಗೆ ಬಂದು ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಕಂಕುಳಲ್ಲಿ ಸುತ್ತಿದ ಚಾಪೆ.

"ಹೈದರಾಬಾದಿಗೆ ಹೋಗ್ತೈತಂತಲ್ಲ ನಿಮ್ ವಿಮಾನ. ಮಗಳ ಬಾಣಂತನ ಐತೆ. ಹಂಗೇ ನಾನೂ ಬತ್ತೀನಿ."

"ಅತ್ತೆ, ಇದರಲ್ಲಿ ಜನ ಕೂರಂಗಿಲ್ಲ."

"ಡ್ರೈವರ್ ಕೂರಲ್ವೇನ್ಲಾ? ಅವನ ಪಕ್ಕ ಕೂತ್ಕೋತೀನಿ."

"ಸೀಟಿಲ್ಲ ಅತ್ತೆ."

"ಸೀಟ್ ಯಾವನಿಗ್ ಬೇಕು? ಚಾಪೆ ಯಾಕ್ ತಂದಿದೀನಿ?"

ಅಷ್ಟರಲ್ಲಿ ಮೇಡಂ ಬಂದು, ಇವರು ಯಾರು ಎಂದು ಕೇಳಿದರು. ಅತ್ತೆಗೆ ಅವರ ನೋಟ್‌ಬುಕ್ಕಿನ ವಿಷಯ ಯಾರು ಹೇಳಿದ್ದರೋ, "ಬರ್ಕಳವ್ವ, ನನ್ ತೂಕ ನಲವತ್ತೆರಡು" ಎಂದರು. ನಾನು ಕೈಮುಗಿದು ಅವರನ್ನು ರೈಲು ಹತ್ತಿಸಿ ಬಂದೆ.

ಈಗ ದಬ್ಬೇಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕಿದರೂ ಅತ್ತೆ ಹೇಳುವುದು, "ಅರ್ಧ ವಿಮಾನ ಖಾಲಿ ಇತ್ತು ಕಣ್ರೀ, ಅತ್ತೆಗೆ ಜಾಗ ಇಲ್ಲ ಅಂದ." ಅಂದು ತೂಕ ಭರ್ತಿಯಾಗಿತ್ತು, ಜಾಗ ಅರ್ಧ ಖಾಲಿ ಇತ್ತು. ಹೀಗಾಗಿ ಅತ್ತೆ ಹೇಳುವುದರಲ್ಲಿ ಸುಳ್ಳೇನೂ ಇಲ್ಲ, ಅದೇ ನನ್ನ ಕಷ್ಟ.

೪. ಕೊಸರು

ಆರು ತಿಂಗಳ ಕೊನೆಯ ಹಾರಾಟ. ಗಲ್ಫಿನ ಒಂದು ಮದುವೆಗೆ ತುರುವೇಕೆರೆಯ ಎಳನೀರೇ ಆಗಬೇಕೆಂದು ಯಾರೋ ವಿಮಾನ ಗೊತ್ತು ಮಾಡಿದ್ದರು. ಇನ್ನೂರು ಚೀಲ, ಚೀಲಕ್ಕೆ ಇಪ್ಪತ್ತು ಕಾಯಿ. ತೋಟದ ಹಿರಿಯರೊಬ್ಬರು ತಮ್ಮ ಕಡೆಯವರೊಂದಿಗೆ ತಾವೇ ಲಾರಿಯಲ್ಲಿ ಬಂದು, ನಿಲ್ದಾಣದ ಹೊರಗಿನ ನಮ್ಮ ಇನ್ನೊಂದು ಶೆಡ್ಡಿಗೆ ಇಳಿಸಿದರು. ತೂಗಿದರೆ ಕಾಗದದಲ್ಲಿ ಇದ್ದದ್ದಕ್ಕಿಂತ ಮುನ್ನೂರು ಕೆಜಿ ಜಾಸ್ತಿ. ಎರಡನೇ ಸಲ ತೂಗಿದರೂ ಅಷ್ಟೇ. ಮೇಡಂ ಪೆನ್ನು ತೆಗೆದು, ಗಡಿಯಾರ ನೋಡಿದರು.

ಒಂದು ಚೀಲ ಬಿಚ್ಚಿಸಿ ಎಣಿಸಿದೆ. ಇಪ್ಪತ್ತೊಂದು. ಇನ್ನೊಂದರಲ್ಲೂ ಇಪ್ಪತ್ತೊಂದು.

"ಇದೇನು ಗೌಡ್ರೇ?"

"ಕೊಸರು" ಎಂದರು ಹಿರಿಯರು, ಇದನ್ನೂ ಕೇಳಬೇಕೇ ಎಂಬ ಮುಖದಲ್ಲಿ. "ಮೇಲೊಂದು ಹಾಕ್ದೆ ಕಾಯಿ ಕೊಡೋದೆಂಗೆ? ಮದ್ವೆ ಮನೆಗೆ ಬೇರೆ ಹೋಗ್ತಿರೋದು."

"ಎಲ್ಲ ಈಗಲೇ ತೆಗೀಬೇಕು."

"ತೆಗೀರಿ. ಆದ್ರೆ ನಾನ್ ವಾಪಸ್ ತಗಂಡೋಗಲ್ಲ. ಕೊಸರು ಕೊಟ್ಟು ಇಸ್ಕಂಡ ಅಂತ ಊರಲ್ಲಿ ಗೊತ್ತಾದ್ರೆ ನನ್ ಮರ್ಯಾದೆ ಏನಾಗಬೇಡ?"

"ಮತ್ತೆ ಇನ್ನೂರು ಕಾಯಿ ಏನ್ ಮಾಡ್ಲಿ?"

"ಕುಡೀರಿ."

ಮೇಸ್ತ್ರಿಯ ಜನ ಚೀಲ ಬಿಚ್ಚಿದರು, ಹಿರಿಯರ ಕಡೆಯವರು ಮಚ್ಚು ಹಿಡಿದು ಕೆತ್ತಲು ಕೂತರು. ಯಜಮಾನರು ರಸ್ತೆಯಲ್ಲಿ ಹೋಗುವ ಲಾರಿ, ಟ್ಯಾಕ್ಸಿ, ಪೊಲೀಸ್ ಜೀಪು ಎಲ್ಲವನ್ನೂ ಅಡ್ಡಹಾಕಿ ಎಳನೀರು ಕೊಟ್ಟರು. ಮೇಸ್ತ್ರಿ ಆರು ಕುಡಿದ. ಕ್ಯಾಪ್ಟನ್ನು, ಅವರ ಜೊತೆಯ ಪೈಲಟ್ಟು ಎರಡೆರಡು. ಮೇಡಂ ಮೊದಲು ಬೇಡವೆಂದರು, ಆಮೇಲೆ ಮೂರು ಕುಡಿದರು. ಮತ್ತೆ ತೂಗಿದಾಗ ಲೆಕ್ಕ ಸರಿಹೋಯಿತು.

ನಾನು ಸಹಿಗೆ ಪೆನ್ನು ಎತ್ತಿದೆ. ಮೇಡಂ ತಡೆದರು. "ಕ್ಯಾಪ್ಟನ್ ಕುಡಿದದ್ದು?"

ಅದೂ ನಿಜವೇ. ಹಾಳೆಯ ಕೊನೆಯಲ್ಲಿ "ಎಳನೀರು, ಸಿಬ್ಬಂದಿಯ ಹೊಟ್ಟೆಯಲ್ಲಿ, ಒಂದೂವರೆ ಕೆಜಿ" ಎಂದು ಬರೆದು ಸಹಿ ಹಾಕಿದೆ. ಅದನ್ನು ಓದಿಸಿ ಕೇಳಿದ ಹಿರಿಯರಿಗೆ ಬಲು ಸಮಾಧಾನ. "ಅಷ್ಟಾದ್ರೂ ಮದ್ವೆ ಊರಿಗೆ ಮುಟ್ತದಲ್ಲ ಬುಡಿ" ಎಂದರು.

ವಿಮಾನ ಹೇಳಿದ ಹೊತ್ತಿಗೆ ನೆಲ ಬಿಟ್ಟಿತು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲೂ ಇಲ್ಲ. ಮೇಡಂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ "ತಪ್ಪು ಇಲ್ಲ" ಎಂದು ಬರೆದು, ಚೀಲದಿಂದ ಹೊಸ ಒಪ್ಪಂದದ ಕಾಗದ ತೆಗೆದು ಯಜಮಾನರ ಮುಂದಿಟ್ಟರು. ಪೂರ್ತಿ ಎರಡು ವರ್ಷ ವಿಮಾನ ನಮ್ಮದೇ.

ಯಜಮಾನರು ಕನ್ನಡಕ ಹಾಕಿಕೊಂಡು ನನ್ನಿಂದ ಎರಡು ಸಲ ಓದಿಸಿದರು. ನಾನು ಅವರು ಕೈಮುಗಿಯುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಎಲ್ಲಾ ಸರಿ ಐತೆ ಮೇಡಂ. ಕೊಸರು ಎಲ್ಲಿ?"

ಮೇಡಂ ಯಜಮಾನರನ್ನು ನೋಡಿದರು, ಹಿರಿಯರನ್ನು ನೋಡಿದರು, ಕಾಲ ಬಳಿ ರಾಶಿ ಬಿದ್ದಿದ್ದ ಇನ್ನೂರು ಬುರುಡೆಗಳನ್ನು ನೋಡಿದರು. ಆಮೇಲೆ ಫೋನ್ ತೆಗೆದು ಮುಂಬೈಗೆ ಹಚ್ಚಿ ಹೇಳಿದರು, "ಸರ್, ಎರಡು ವರ್ಷದ ಮೇಲೆ ಹದಿನೈದು ದಿನ ಸೇರಿಸಬೇಕು. ಯಾಕೆ ಅಂತ ಫೋನಿನಲ್ಲಿ ಹೇಳೋಕೆ ಆಗಲ್ಲ. ಸೇರಿಸದಿದ್ದರೆ ಇವರು ನಮ್ಮ ವಿಮಾನ ತಗೊಳ್ಳಲ್ಲ."