ರಮಾಕಾಂತ ಕಂಡ ತಿಮಿಂಗಿಲ

ಇಂದುಮತಿ ಮೂರನೆಯ ಒಬ್ಬೆ ಅಂಬೊಡೆಯನ್ನು ಎಣ್ಣೆಯಲ್ಲಿ ಮಗುಚಿಹಾಕುತ್ತಿದ್ದಾಗ ರಮಾಕಾಂತ ಹಿತ್ತಲಿಗೆ ಬಂದು ನಿಂತ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನೀರಿನಿಂದ ಆಚೆ ಬಿದ್ದ ಮೀನಿನಂತೆ ಬಾಯಿ ಮಾತ್ರ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಕರಿಯುವ ಕೆಲಸವೆಲ್ಲ ಹಿತ್ತಲಿನದೇ. ಒಳಗೆ ಕರಿದರೆ ಹೊಗೆಯ ಅಲಾರಂ ಬೊಬ್ಬೆ ಹಾಕುತ್ತದೆ, ಕಾರ್ಪೆಟ್ಟಿಗೆ ಹತ್ತಿದ ವಾಸನೆ ವಾರವಾದರೂ ಹೋಗುವುದಿಲ್ಲ. ಹಾಗಾಗಿ ಬೀದಿಯ ಅರ್ಧ ಮನೆಗಳಲ್ಲಿ ಬಾರ್ಬೆಕ್ಯೂ ಪಕ್ಕದ ಒಲೆಯ ಮೇಲೆ ಬಾಣಲೆ ಕೂತಿರುತ್ತದೆ. ಯಾರ ಮನೆಯಲ್ಲಿ ಏನು ಕರಿಯುತ್ತಿದ್ದಾರೆ ಎನ್ನುವುದು ಆ ಮನೆಯವರಿಗಿಂತ ಮೊದಲು ಬೇಲಿಯಾಚೆಯವರಿಗೆ ಗೊತ್ತಾಗುತ್ತದೆ.

"ಏನ್ರೀ? ಏನಾಯ್ತು?"

ರಮಾಕಾಂತ ಗಂಟಲು ತೋರಿಸಿ ಕೈಯಾಡಿಸಿದ. ಹಿಂದಿನ ದಿನವೆಲ್ಲ ಗ್ಯಾರೇಜಿನಲ್ಲಿ ಕಾರಿನ ಎದುರು ನಿಂತು ಭಾಷಣ ಅಭ್ಯಾಸ ಮಾಡಿದ್ದ. ಕೊನೆಯ ಸಾಲಿನವರಿಗೂ ಕೇಳಬೇಕು ಎಂದು ಕೂಗಿ ಕೂಗಿ ಹೇಳಿದ್ದ. ಗ್ಯಾರೇಜಿನಲ್ಲಿ ಕೊನೆಯ ಸಾಲು ಯಾವುದು ಎಂದು ಇಂದುಮತಿ ಕೇಳಿರಲಿಲ್ಲ.

ಅಷ್ಟರಲ್ಲಿ ಬೇಲಿಯ ಮೇಲೆ ಸೌಜನ್ಯಳ ತಲೆ ಮೂಡಿತು. ಪಕ್ಕದ ಮನೆಯವಳು, ಕನ್ನಡ ಬಳಗದ ಕಾರ್ಯದರ್ಶಿ ಕೂಡ.

"ಇಂದು ಆಂಟಿ, ಸಬ್ಬಸಿಗೆ ಹಾಕಿದೀರಾ ಅಲ್ವಾ? ಘಮ್ ಅಂತಿದೆ. ಅಂಕಲ್, ರೆಡೀನಾ? ಇವತ್ತು ಮಧ್ಯಾಹ್ನ ನಿಮ್ದೇ ಶೋ!"

ರಮಾಕಾಂತ ಉತ್ತರವಾಗಿ ತುಕ್ಕು ಹಿಡಿದ ಗೇಟಿನಂಥ ಒಂದು ಸದ್ದು ಹೊರಡಿಸಿದ.

"ಅಯ್ಯಯ್ಯೋ! ವಾಯ್ಸ್ ಹೋಯ್ತಾ? ಅಂಕಲ್ ಮಾತು ಕೇಳ್ಕೊಂಡೇ ಕ್ರೂಸ್‌ಗೆ ಹೋಗೋದಾ ಬೇಡ್ವಾ ಡಿಸೈಡ್ ಮಾಡ್ತೀವಿ ಅಂತ ಅಷ್ಟೊಂದು ಫ್ಯಾಮಿಲಿ ಕಾಯ್ತಾ ಇದಾರೆ." ಸೌಜನ್ಯ ಒಂದು ಕ್ಷಣ ಯೋಚಿಸಿದಳು. "ಆಂಟಿ, ನೀವೇ ಮಾತಾಡ್ಬಿಡಿ. ನೀವೂ ಹೋಗಿದ್ರಿ ಅಲ್ವಾ?"

ನೀವೂ ಹೋಗಿದ್ದಿರಿ ಅಲ್ಲವೇ! ಇಂದುಮತಿ ಜಾಲರಿ ಸೌಟನ್ನು ಎಣ್ಣೆಯ ಮೇಲೆ ಹಿಡಿದವಳು ಹಾಗೇ ನಿಂತಳು.

ನಿಜ ಹೇಳಬೇಕೆಂದರೆ ಹೋಗಿದ್ದವಳು ಅವಳೊಬ್ಬಳೇ. ಎರಡು ವರ್ಷದ ಹಿಂದೆ ಬ್ರಿಸ್ಬೇನ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಹಡಗು ಹತ್ತಿದ್ದರು. ಹಡಗು ಕೊಲ್ಲಿ ದಾಟುವ ಮೊದಲೇ ರಮಾಕಾಂತ ಬಕೆಟ್ ತಬ್ಬಿಕೊಂಡು ಮಲಗಿದ. ಮತ್ತೆ ಎದ್ದದ್ದು ವಾರ ಕಳೆದು ಬ್ರಿಸ್ಬೇನ್ ದಡ ಕಂಡ ಮೇಲೆ. ಇಂದುಮತಿ ಹಗಲೆಲ್ಲ ಒಬ್ಬಳೇ ಹಡಗು ಸುತ್ತಿ, ಸಂಜೆ ಕ್ಯಾಬಿನ್ನಿಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತು, ಕಂಡದ್ದನ್ನೆಲ್ಲ ಅವನಿಗೆ ಹೇಳುತ್ತಿದ್ದಳು.

ಪರ್ತ್‌ಗೆ ಮರಳಿದ ಮೇಲಿನ ಮೊದಲ ಊಟದ ಕೂಟದಲ್ಲೇ ರಮಾಕಾಂತ ತಟ್ಟೆ ಹಿಡಿದು ಶುರುಮಾಡಿದ್ದ: "ಡೆಕ್ ಮೇಲೆ ನಿಂತಿದ್ವಿ ನೋಡಿ..." ಇಂದುಮತಿ ತಮಾಷೆ ಎಂದುಕೊಂಡಳು. ಎರಡನೆಯ ಕೂಟದ ಹೊತ್ತಿಗೆ ಅವಳು ಕಂಡ ಹಾರುವ ಮೀನುಗಳು ಡಾಲ್ಫಿನ್ ಆಗಿದ್ದವು. ಯುಗಾದಿಯ ಹೊತ್ತಿಗೆ ತಿಮಿಂಗಿಲವಾದವು.

"ಆಯ್ತು ಸೌಜನ್ಯ, ನಾನೇ ಮಾತಾಡ್ತೀನಿ" ಎಂದಳು ಇಂದುಮತಿ. ಒಂದೇ ಒಂದು ಸಲ ತನ್ನ ಕಡಲನ್ನು ತನ್ನದು ಎಂದು ನಾಲ್ಕು ಜನರೆದುರು ಹೇಳಬೇಕು. ಅಷ್ಟೇ ಆಸೆ.

ಕಾರಿನಲ್ಲಿ ರಮಾಕಾಂತ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ, "ಬಕೆಟ್ ವಿಷ್ಯ ಬೇಡ."

"ಆಯ್ತು."

"ಮಲಗಿದ್ದ ವಿಷ್ಯಾನೂ ಬೇಡ."

"ಅಪ್ಪಾ, ಜಸ್ಟ್ ಲೆಟ್ ಹರ್ ಟಾಕ್" ಎಂದಳು ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದ ಮಗಳು ಅನನ್ಯಾ. ಪರದೆಯ ಮೇಲೆ ಫೋಟೊ ತೋರಿಸುವ ಜವಾಬ್ದಾರಿ ಅವಳದು. ಅಪ್ಪನ ಫೋನಿನಲ್ಲಿ ಹಡಗಿನ ಫೋಟೊ ಒಂದೂ ಇರದಿದ್ದುದರಿಂದ ಅಮ್ಮನ ಫೋನಿನದನ್ನೆಲ್ಲ ಒಟ್ಟಿಗೆ ಸುರಿದುಕೊಂಡಿದ್ದಳು.

ಹಾಲ್ ತುಂಬಿತ್ತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ರಮಾಕಾಂತ ಮುಂದಿನ ಸಾಲಿನಲ್ಲಿ ಕೂತ. ಇಂದುಮತಿ ಮೈಕ್ ಹಿಡಿದಳು.

"ಎಲ್ಲರಿಗೂ ನಮಸ್ಕಾರ. ಆ ಪ್ರವಾಸ ಅಂದ್ರೆ ನನಗೆ ಮೊದಲು ನೆನಪಾಗೋದು ಒಂದು ಬೆಳಗ್ಗೆ. ಆಗಷ್ಟೇ ಡೆಕ್ ತೊಳೆದಿದ್ರು. ನಾನು ಒಬ್ಬಳೇ ಕಾಫಿ ಲೋಟ ಹಿಡ್ಕೊಂಡು..."

"ಒಬ್ಬಳೇ ಯಾಕಮ್ಮ?" ಎಂದರು ನಂಜುಂಡಪ್ಪನವರು. ಸೌಜನ್ಯಳ ಮಾವ, ಮೊಮ್ಮಗನನ್ನು ನೋಡಲು ತುಮಕೂರಿನಿಂದ ಬಂದವರು. ಬಂದಾಗಿನಿಂದ ವಾಕಿಂಗ್‌ನಲ್ಲಿ ರಮಾಕಾಂತನ ಸಮುದ್ರಯಾನವನ್ನು ಹಲವು ಸಲ ಕೇಳಿದ್ದರು. "ರಮಾಕಾಂತೂ ಪಕ್ಕದಲ್ಲೇ ಇದ್ನಲ್ಲ, ಬೈನಾಕ್ಯುಲರ್ ಇಟ್ಕೊಂಡು?"

ಇಂದುಮತಿ ಗಂಡನ ಕಡೆ ನೋಡಿದಳು. ಮಫ್ಲರಿನ ಮೇಲಿನ ತಲೆ ಜೋರಾಗಿ ಮೇಲೆ ಕೆಳಗೆ ಆಡಿತು.

"ಹೌದು ಸಾರ್. ಇದ್ರು," ಎಂದಳು. "ಆವಾಗ ನೀರಿಂದ ಪುಟ್ಟ ಪುಟ್ಟ ಮೀನು ಹಾರಿದ್ವು. ಯಾರೋ ಬೆಳ್ಳಿ ಚಮಚ ಹಿಡಿ ಹಿಡಿ ಎಸೆದ ಹಾಗೆ..."

"ತಿಮಿಂಗಿಲ ಆಂಟಿ!" ಹಿಂದಿನ ಸಾಲಿನಿಂದ ಸಿದ್ಧಾರ್ಥ ಕೂಗಿದ. ದಾವಣಗೆರೆಯ ವಿದ್ಯಾರ್ಥಿ, ವೆಲ್ಷ್‌ಪೂಲ್‌ನ ಗೋಡೌನಿನಲ್ಲಿ ದುಡಿಯುತ್ತಾನೆ. ಬಳಗದ ಯಾವ ಕಾರ್ಯಕ್ರಮಕ್ಕಾದರೂ ತಿಂಡಿಗಾಗಿ ಬರುತ್ತಾನೆ, ಅದನ್ನು ಮುಚ್ಚಿಡುವುದೂ ಇಲ್ಲ. "ಮೀನಲ್ಲ ಅದು. ನಮ್ ಗೋಡೌನ್ ಷಟರ್‌ನಷ್ಟು ಅಗಲ ಬಾಲ ಇತ್ತು ಅಂದಿದ್ರು ಅಂಕಲ್ಲು."

"ನೀರು ಚಿಮ್ಮಿ ಸಾರ್ ಕನ್ನಡಕ ಒದ್ದೆ ಆಗಿತ್ತು" ಎಂದು ಇನ್ನೊಬ್ಬಾಕೆ ಪೂರ್ತಿ ಮಾಡಿದಳು.

"ಆಂಟಿಗೆ ಸ್ಟೇಜ್ ಫಿಯರ್, ಪಾಪ. ಮರ್ತೋಗಿದೆ" ಎಂದು ಸೌಜನ್ಯ ಸಭೆಯನ್ನು ಸಮಾಧಾನ ಮಾಡಿದಳು.

ಮದುವೆಗೆ ಬಂದವರೆಲ್ಲ ಸೇರಿ ಮದುಮಗಳಿಗೇ ಅವಳ ಹೆಸರು ಹೇಳಿಕೊಟ್ಟಂತಾಯಿತು. ಇಂದುಮತಿ ತಿಮಿಂಗಿಲವನ್ನು ಒಪ್ಪಿಕೊಂಡು ಮುಂದೆ ಹೋದಳು.

ನೃತ್ಯದ ಕತೆಯಾದರೂ ತನ್ನದಾಗಿ ಉಳಿದೀತು ಎಂದುಕೊಂಡಳು. ಅಡಿಲೇಡ್‌ನ ಮಾರ್ಗರೆಟ್, ಎಪ್ಪತ್ತು ದಾಟಿದವಳು, ಒಂದು ಕಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಮಧ್ಯಾಹ್ನ ಸುಮ್ಮನೆ ಕೂತಿದ್ದ ಇಂದುಮತಿಯ ಕೈ ಹಿಡಿದು ಎಳೆದೊಯ್ದಿದ್ದಳು. "ಸೆರಗು ಸೊಂಟಕ್ಕೆ ಸಿಗಿಸ್ಕೊಂಡೆ. ಕಾಲಲ್ಲಿ ಸ್ಪೋರ್ಟ್ಸ್ ಶೂ. ಎರಡು ಹೆಜ್ಜೆ ಎಡಕ್ಕೆ, ಎರಡು ಬಲಕ್ಕೆ, ಒಂದು ಚಪ್ಪಾಳೆ..."

ಹಾಲ್‌ನಲ್ಲಿ ಒಮ್ಮೆಲೇ ನಗು ಎದ್ದಿತು. ಇಂದುಮತಿಗೆ ಖುಷಿಯಾಯಿತು. ಆಮೇಲೆ ನೋಡಿದರೆ ಯಾರೂ ಅವಳನ್ನು ನೋಡುತ್ತಿರಲಿಲ್ಲ. ರಮಾಕಾಂತ ಎದ್ದು ನಿಂತು, ಮಫ್ಲರನ್ನೇ ಸೆರಗು ಮಾಡಿ ಸೊಂಟಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಎಡಕ್ಕೆ, ಎರಡು ಬಲಕ್ಕೆ ಹಾಕುತ್ತಿದ್ದ. ಅವಳು ಮಾತು ನಿಲ್ಲಿಸಿದರೆ ಅವನೂ ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದ. ಅವಳು ಮುಂದುವರಿಸಿದರೆ ಕುಣಿಯುತ್ತಿದ್ದ. ಯಕ್ಷಗಾನದ ಮೇಳವೇ ಸರಿ, ಅವಳದು ಭಾಗವತಿಕೆ, ಅವನದು ವೇಷ. ಚಪ್ಪಾಳೆ ಯಾವಾಗಲೂ ವೇಷಕ್ಕೇ ಬೀಳುವುದು.

"ಒನ್ಸ್ ಮೋರ್ ಅಂಕಲ್!" ಎಂದ ಸಿದ್ಧಾರ್ಥ.

ಹಿಂದೆ ಪರದೆಯ ಮೇಲೆ ಫೋಟೊಗಳು ಸರಿಯುತ್ತಿದ್ದವು. ಸೂರ್ಯಾಸ್ತ. ಕಲ್ಲಂಗಡಿಯಲ್ಲಿ ಕೊರೆದ ಹಂಸ. ಇಂದುಮತಿ ಮತ್ತು ಮಾರ್ಗರೆಟ್.

"ಇವ್ನು ಯಾವ್ದ್ರಲ್ಲೂ ಕಾಣ್ತಾನೇ ಇಲ್ವಲ್ಲಮ್ಮ?" ಎಂದರು ನಂಜುಂಡಪ್ಪನವರು.

"ಅಂಕಲ್ ತಾನೇ ಫೋಟೊ ತೆಗೆದಿದ್ದು, ಮಾವ" ಎಂದಳು ಸೌಜನ್ಯ.

ಮುಂದಿನ ಫೋಟೊ ಬಿತ್ತು.

ಗೋಡೆಯಷ್ಟು ದೊಡ್ಡದಾಗಿ ರಮಾಕಾಂತ ಮಲಗಿದ್ದ. ಹಣೆಗೆ ಒದ್ದೆ ಬಟ್ಟೆ. ಎದೆಗವಚಿ ಹಿಡಿದ ಕೆಂಪು ಬಕೆಟ್. ತಲೆಯ ಮೇಲೆ, ಕ್ಯಾಬಿನ್ ಸಿಬ್ಬಂದಿ ಟವಲಿನಲ್ಲಿ ಮಡಿಸಿ ನೇತುಹಾಕಿದ ಕೋತಿ.

"ಓಹ್ ನೋ" ಎಂದಳು ಅನನ್ಯಾ. ಗಾಬರಿಯಲ್ಲಿ ಯಾವುದೋ ಕೀಲಿ ಒತ್ತಿದಳು. ಫೋಟೊ ಇನ್ನಷ್ಟು ದೊಡ್ಡದಾಯಿತು.

ರಮಾಕಾಂತ ಸೆರಗಿನ ಮಫ್ಲರ್ ಹಿಡಿದು ನಿಂತಲ್ಲೇ ನಿಂತ. ಮುಖ ಅಕ್ಕಿ ತೊಳೆದ ನೀರಿನಂತಾಗಿತ್ತು. ಎಲ್ಲರೂ ಇಂದುಮತಿಯ ಕಡೆ ತಿರುಗಿದರು. ಅಂದು ಮೊದಲ ಸಲ ಅವಳ ಮಾತಿಗಾಗಿ ಕಾದರು.

ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ತಿಮಿಂಗಿಲ ಮತ್ತೆ ಹಾರುವ ಮೀನಾಗುತ್ತಿತ್ತು, ಕಡಲು ಅವಳಿಗೆ ವಾಪಸ್ಸಾಗುತ್ತಿತ್ತು.

ಆದರೆ ಉಳಿದವರು ಪರದೆಯ ಮೇಲೆ ಬಕೆಟ್ ನೋಡಿದ್ದರು, ಅವಳು ಅಲ್ಲಿ ಅವನ ಕಣ್ಣು ನೋಡಿದಳು. ಅವಳು ಸಂಜೆ ಬಾಗಿಲು ತೆರೆದು ಒಳಗೆ ಕಾಲಿಟ್ಟ ಗಳಿಗೆಯ ಫೋಟೊ ಅದು. ಆ ಕಣ್ಣು ಅವಳನ್ನು ಕಾಯುತ್ತಿತ್ತು. ಮದುವೆಯಾದಾಗಿನಿಂದ ಅವಳು ಏನು ಹೇಳಹೊರಟರೂ ಮಧ್ಯದಲ್ಲೇ ಬಾಯಿ ಹಾಕಿ, ತನ್ನ ಆಫೀಸಿನ ಕತೆಗೆ ತಿರುಗಿಸುತ್ತಿದ್ದ ಮನುಷ್ಯ ಆ ಏಳು ಸಂಜೆ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದರೆ ಒಂದೇ ಮಾತು: "ಆಮೇಲೆ?" ಮೀನು ಎಷ್ಟು ದೂರ ಹಾರಿತು? ಮಾರ್ಗರೆಟ್ ಏನಂದಳು? ಆಮೇಲೆ? ಹಡಗು ತೂಗುತ್ತಿತ್ತು, ಗುಂಡು ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು, ಅವಳು ಹೇಳುತ್ತಲೇ ಇರುತ್ತಿದ್ದಳು. ಅಷ್ಟು ಮಾತು ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಇಡೀ ಪ್ರವಾಸದಲ್ಲಿ ಅವಳಿಗೆ ಅತಿ ಇಷ್ಟವಾದದ್ದು ಡೆಕ್ಕೂ ಅಲ್ಲ, ಮೀನೂ ಅಲ್ಲ. ಅದನ್ನು ಮೈಕ್‌ನಲ್ಲಿ ಹೇಳುವಂತಿರಲಿಲ್ಲ.

"ಇದಾ?" ಎಂದಳು ಇಂದುಮತಿ. "ಹಡಗಲ್ಲಿ ನನಗೆ ಹುಷಾರಿರಲಿಲ್ಲ. ಆ ಬೆಳಗ್ಗೆ, ಆ ಕುಣಿತ ಬಿಟ್ರೆ ವಾರವೆಲ್ಲ ತಲೆ ಸುತ್ತು. ನಾನು ಹೇಗೆ ಮಲಗಿದ್ದೆ ಅಂತ ಇವರು ಆಕ್ಟ್ ಮಾಡಿ ತೋರಿಸ್ತಾ ಇರೋದು ಇದು."

ಹಾಲ್ ಬಿದ್ದು ಬಿದ್ದು ನಕ್ಕಿತು. ರಮಾಕಾಂತನ ಮುಖಕ್ಕೆ ರಕ್ತ ಮರಳಿತು. ಅವನು ಬಾಗಿ ನಮಸ್ಕಾರ ಮಾಡಿದ. ಮತ್ತೆ ಚಪ್ಪಾಳೆ.

"ಅದಕ್ಕೇ ಮತ್ತೆ!" ಎಂದರು ನಂಜುಂಡಪ್ಪನವರು. "ಮಲಗಿದ್ದೋಳಿಗೆ ತಿಮಿಂಗಿಲ ಹೆಂಗೆ ಕಾಣ್ಬೇಕು ಪಾಪ."

ಅಂಬೊಡೆಯ ಹೊತ್ತಿಗೆ ಇಂದುಮತಿಯ ಸುತ್ತ ವೈದ್ಯರ ಸಂತೆ ಸೇರಿತು. ಒಬ್ಬರು ಶುಂಠಿ ಅಂದರು, ಒಬ್ಬರು ನಿಂಬೆಹಣ್ಣು ಮೂಸಬೇಕು ಅಂದರು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರೆ ಕಡಲೇ ಸುಮ್ಮನಾಗುತ್ತದೆ ಎಂದು ಒಬ್ಬಾಕೆ ಆಣೆ ಮಾಡಿದಳು. ಎಲ್ಲರೂ ಹೊರಡುವುದೆಂದು ಅಲ್ಲೇ ತೀರ್ಮಾನವೂ ಆಯಿತು. ಡಿಸೆಂಬರ್ ರಜೆ, ಫ್ರೀಮ್ಯಾಂಟಲ್ ಬಂದರಿನಿಂದ ಅಡಿಲೇಡ್‌ಗೆ.

"ಆಂಟಿಗೆ ಮಾತ್ರ ಕೆಳಗಿನ ಡೆಕ್ಕಲ್ಲಿ, ಮಧ್ಯದಲ್ಲಿ ಕಿಟಕಿ ಇಲ್ದಿರೋ ಕ್ಯಾಬಿನ್ ತಗೊಳೋಣ" ಎಂದಳು ಸೌಜನ್ಯ. "ಅಲ್ಲಿ ತೂಗೋದು ಕಮ್ಮಿಯಂತೆ. ಆಂಟಿ, ನೀವು ಮೇಲೆ ಬರೋ ರಿಸ್ಕ್ ತಗೋಬೇಡಿ. ಊಟ ನಾವೇ ತಂದ್ಕೊಡ್ತೀವಿ."

ಮನೆಗೆ ಬಂದ ಇಂದುಮತಿ ಪಾತ್ರೆಗಳನ್ನು ಸಿಂಕಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ರಮಾಕಾಂತ ಬಂದು ಪಕ್ಕದಲ್ಲಿ ನಿಂತ. ಬಿಸಿನೀರು ಕುಡಿದು ಧ್ವನಿ ಕಾಲುಭಾಗ ಬಂದಿತ್ತು.

"ಇಂದೂ."

"ಹೂಂ."

"ಇವತ್ತು ನನ್ನ ಮರ್ಯಾದೆ ಉಳಿಸ್ದೆ ಕಣೇ."

ಅವಳು ಬಾಣಲೆ ತಿಕ್ಕುತ್ತಿದ್ದಳು. ಅವನು ಜೇಬಿನಿಂದ ಔಷಧಿಯ ಸಣ್ಣ ಪೆಟ್ಟಿಗೆಯೊಂದನ್ನು ತೆಗೆದ. ಬರುವಾಗ ಫಾರ್ಮಸಿಯ ಹತ್ತಿರ ಕಾರು ನಿಲ್ಲಿಸಿದ್ದು ಗಂಟಲಿಗೆ ಎಂದುಕೊಂಡಿದ್ದಳು ಅವಳು.

"ನೋಡು. ಹಡಗಿನ ಮಾತ್ರೆ. ಇದನ್ನ ತಗೊಂಡ್ರೆ ಎಂಥಾ ಅಲೆಗೂ ಏನೂ ಆಗಲ್ವಂತೆ. ಈ ಸಲ ನೀನು ಸಂಜೆ ಸಂಜೆ ಬಂದು ಕತೆ ಹೇಳೋ ತಾಪತ್ರಯಾನೇ ಇಲ್ಲ. ನಾನೇ ನಿನ್ನ ಜೊತೆ ಎಲ್ಲಾ ಕಡೆ ಬರ್ತೀನಿ. ಪ್ರತಿಯೊಂದೂ ನಾನೇ ಕಣ್ಣಾರೆ ನೋಡಿ ನಿನಗೆ ವಿವರಿಸ್ತೀನಿ."

ಪ್ರೀತಿಯಿಂದಲೇ ಹೇಳಿದ್ದ. ಅದೇ ಕಷ್ಟ.

"ಹೊರಡೋ ಹಿಂದಿನ ದಿನದಿಂದಲೇ ಶುರು ಮಾಡ್ಬೇಕಂತೆ" ಎಂದ ರಮಾಕಾಂತ, ಪೆಟ್ಟಿಗೆಯನ್ನು ಫ್ರಿಜ್ ಮೇಲೆ ಇಡುತ್ತ. "ಮರೀದೆ ನೆನಪು ಮಾಡು. ನೀನು ಹೇಳ್ದೆ ನಾನು ಯಾವತ್ತು ಮಾತ್ರೆ ತಗೊಂಡಿದೀನಿ?"

"ಅದೂ ನಿಜ" ಎಂದಳು ಇಂದುಮತಿ.

ಅವನು ಟೀವಿಯ ಕಡೆ ಹೋದ. ಅಡಿಲೇಡ್ ದಾರಿಯ ದಕ್ಷಿಣದ ಕಡಲಿನ ಮುಂದೆ ಬ್ರಿಸ್ಬೇನ್ ಕಡೆಯದು ಸ್ನಾನದ ತೊಟ್ಟಿ ಎಂದು ಅಂದು ಹಡಗಿನಲ್ಲಿ ಮಾರ್ಗರೆಟ್ ಹೇಳುತ್ತಿದ್ದಳು. ಇಂದುಮತಿ ಬಾಣಲೆಯನ್ನು ಮಗುಚಿ ನೀರು ಸೋರಲು ಇಟ್ಟಳು. ಹೊರಡುವ ಹಿಂದಿನ ದಿನ ಮನೆಯಲ್ಲಿ ನೂರೆಂಟು ಕೆಲಸ ಇರುತ್ತದೆ. ಬಟ್ಟೆ ಮಡಿಸಬೇಕು, ಗಿಡಗಳಿಗೆ ನೀರಿನ ಏರ್ಪಾಡು ಮಾಡಬೇಕು, ಚಟ್ನಿಪುಡಿ ಕುಟ್ಟಬೇಕು. ಅಷ್ಟರ ನಡುವೆ ಯಾರಿಗೂ ಏನನ್ನೂ ನೆನಪಿಸುವುದು ತನ್ನಿಂದಾಗುವುದಿಲ್ಲ ಎಂದು ಅವಳು ಈಗಲೇ ನಿರ್ಧರಿಸಿಕೊಂಡಳು. ಕೈ ಒರೆಸಿಕೊಂಡು ಮೊಸರಿಗೆ ಹೆಪ್ಪು ಹಾಕಲು ಹಾಲು ಬೆಚ್ಚಗಿಟ್ಟಳು.