ಮುಂದಿನ ಟೈರು, ಹಿಂದಿನ ಟೈರು

ಕುಸಕಾಬೆ ಮಾಡಿದ ತಪ್ಪು ಇಷ್ಟೇ. ಶನಿವಾರ ಬೆಳಿಗ್ಗೆ ತನ್ನ ಹಳೆಯ ಮೋಟಾರ್‌ಸೈಕಲ್ಲನ್ನು ಮನೆ ಮುಂದೆ ನಿಲ್ಲಿಸಿ, ಬಗ್ಗಿ ಅದರ ಟೈರು ನೋಡಿದ. ಬೇರೆ ಊರಲ್ಲಾದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಇದು ಹಮಾಮತ್ಸು. ಇಲ್ಲಿ ಯಾವ ಮನೆ ಬಾಗಿಲು ತಟ್ಟಿದರೂ ಮೋಟಾರ್‌ಸೈಕಲ್ ಕಾರ್ಖಾನೆಯಿಂದ ನಿವೃತ್ತರಾದವರೇ ಬಾಗಿಲು ತೆರೆಯುತ್ತಾರೆ. ನಮ್ಮ ಬೀದಿಯ ಕ್ಷೌರದವನೂ ಒಂದು ಕಾಲದಲ್ಲಿ ಎಂಜಿನ್ ಜೋಡಿಸಿದವನೇ. ಇಂಥ ಬೀದಿಯಲ್ಲಿ ಬಗ್ಗಿ ಟೈರು ನೋಡುವುದೆಂದರೆ ಮನೆಯಲ್ಲಿ ಮದುವೆಗೆ ಬಂದ ಹೆಣ್ಣಿದೆ ಎಂದು ಡಂಗುರ ಸಾರಿದ ಹಾಗೆ.

ಗಾಡಿ ಅವನ ಮದುವೆಗಿಂತ ಹಳೆಯದು. ಮದುವೆಯಾದ ಹೊಸತರಲ್ಲಿ ಹೆಂಡತಿ ಚಿಜುಕೊಳನ್ನು ಹಿಂದೆ ಕೂರಿಸಿಕೊಂಡು ಹಮಾನಾ ಸರೋವರದ ದಡಕ್ಕೆ ಹೋಗಿ, ಕೆಂಡದ ಮೇಲೆ ಸುಟ್ಟ ಹಾವುಮೀನು ತಿಂದು ಬರುತ್ತಿದ್ದ. ಮಕ್ಕಳಾದ ಮೇಲೆ ಆಕೆ ಆ ಸೀಟು ಹತ್ತಿದವಳಲ್ಲ. ಇವನು ವರ್ಷಗಟ್ಟಲೆ ಗೋಗರೆದ ಮೇಲೆ ಮೊನ್ನೆ ಅಂತೂ ಒಪ್ಪಿದಳು. ಭಾನುವಾರ, ಅದೇ ಅಂಗಡಿ, ಅದೇ ಹಾವುಮೀನು. ಒಂದೇ ಷರತ್ತು.

“ಆ ಟೈರು ಬದಲಾಯಿಸಿ. ನಿಮ್ಮ ಹಿಮ್ಮಡಿ ಥರ ಬಿರುಕು ಬಿಟ್ಟಿದೆ. ಸರಿಯಾಗಿ ಹಾಕಿಸಿದ್ರೆ ಕೂರ್ತೀನಿ, ಇಲ್ಲಾಂದ್ರೆ ಇನ್ನು ಆ ಮಾತೇ ಎತ್ತಬೇಡಿ.”

ಮೊದಲು ಬಂದವರು ಎದುರು ಮನೆಯ ಹಿರುಕಾವಾ. ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಲೇ ತಲೆ ನೆರೆಸಿಕೊಂಡವರು, ಈಗ ಹಳೆಯ ಗಾಡಿಗಳ ಸಂಘದ ಹಿರಿಯರು. ಗಾಡಿ ಹುಟ್ಟಿದಾಗ ಯಾವ ಟೈರು ಇತ್ತೋ ಅಂಥದ್ದೇ, ಉದ್ದುದ್ದ ಗೀರಿನದೇ, ಹಾಕಿಸಬೇಕೆಂದು ಅಪ್ಪಣೆ ಕೊಟ್ಟರು. “ಮುದುಕನಿಗೆ ಜೀನ್ಸ್ ತೊಡಿಸಬೇಡ ಕಣಯ್ಯ” ಎಂದರು.

ಅಷ್ಟರಲ್ಲಿ ಮೂಲೆ ಮನೆಯ ಟೊಡೊರೊಕಿ ಬಂದು ಗಾಡಿಯ ಇನ್ನೊಂದು ಮಗ್ಗುಲಲ್ಲಿ ನಿಂತರು. ಇವರು ಕಾರ್ಖಾನೆಯ ಹೊಸ ಗಾಡಿಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದವರು, ಸಂಘದ ಇನ್ನೊಬ್ಬ ಹಿರಿಯರು. ಇಬ್ಬರಿಗೂ ಮಾತು ನಿಂತು ಎಷ್ಟೋ ವರ್ಷವಾಗಿದೆ. ಕಾರಣ ಕೇಳಬೇಡಿ, ಅದೂ ಟೈರೇ. ಎದುರಾದರೆ ಇಬ್ಬರೂ ಮೂರನೆಯವರ ಜೊತೆ ಮಾತಾಡುತ್ತಾರೆ. ಈ ದಿನ ಆ ಮೂರನೆಯವನು ಕುಸಕಾಬೆ.

“ಕೆಲವರು ಗಾಡೀನ ಪೂಜೆಗೆ ಇಟ್ಕೊಂಡಿರ್ತಾರೆ, ಅವರಿಗೆ ಹಳೇ ಟೈರು ಸಾಕು. ನೀನು ಹೆಂಡತೀನ ಕೂರಿಸ್ಕೊಂಡು ಹೋಗೋನು. ಮಳೆ ಬಂದ್ರೆ ಅದು ಸೋಪಿನ ಥರ ಜಾರುತ್ತೆ. ಈಗಿನ ಟೈರು ಹಾಕ್ಸು” ಎಂದರು ಟೊಡೊರೊಕಿ.

ಕುಸಕಾಬೆಗೆ ತನ್ನದೇ ಒಂದು ಅಭಿಪ್ರಾಯವಿತ್ತು. ಹಳೆಯ ಗಾಡಿಯ ಅಳತೆಗೆಂದೇ ಈಗಿನ ರಬ್ಬರಿನಲ್ಲಿ ಮಾಡಿದ ಟೈರುಗಳು ಸಿಗುತ್ತವೆ, ಅದರದೊಂದು ಜೋಡಿ ಹಾಕಿಸಿದರೆ ಮುಗಿಯಿತು. ಆದರೆ ಹಿರಿಯರ ಮುಂದೆ ಅಭಿಪ್ರಾಯ ಇರುವುದು ಬೇರೆ, ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಯೋಚನೆ ಮಾಡುತ್ತೇನೆ ಎಂದು ಇಬ್ಬರಿಗೂ ತಲೆಬಾಗಿಸಿದ. ನಮ್ಮಲ್ಲಿ ಹಾಗೆಂದರೆ ಒಲ್ಲೆ ಎಂದೇ, ಅದು ಕೂಸಿಗೂ ಗೊತ್ತು. ಹಿರಿಯರಿಬ್ಬರೂ ನಗುನಗುತ್ತಾ ಮನೆಗೆ ಹೋದರು. ಹೋದವರೇ ಟೈರಿನ ಅಂಗಡಿಗೆ ಫೋನ್ ಮಾಡಿದರು.

ಇದೊಂದೂ ತಿಳಿಯದ ಕುಸಕಾಬೆ ಗಾಡಿಯನ್ನು ಅಂಗಡಿಯಲ್ಲಿ ಬಿಟ್ಟು, ತನಗೆ ಬೇಕಾದ ಜೋಡಿಯನ್ನು ಹೇಳಿ, ಪಕ್ಕದ ಬೀದಿಗೆ ಹೋಗಿ ಒಂದು ಬಟ್ಟಲು ಸೊಬಾ ಶಾವಿಗೆ ಹೀರಿ ಬಂದ. ಬಂದು ನೋಡಿದರೆ ಗಾಡಿ ಸಿದ್ಧವಾಗಿತ್ತು. ಮುಂದೆ ಉದ್ದ ಗೀರಿನ ಹಳೆಯ ಮಾದರಿಯ ಟೈರು. ಹಿಂದೆ ದಪ್ಪನೆಯ, ಈಗಿನ ಕಾಲದ ಟೈರು. ಧೋತ್ರ ಉಟ್ಟವನ ಮೇಲೆ ಸೂಟು ಹೊದಿಸಿದ ಹಾಗಿತ್ತು.

ಅಂಗಡಿಯ ಇವಾಸೆ ಸೊಂಟ ಮುರಿಯುವಷ್ಟು ಬಾಗಿದ. “ಇಬ್ಬರೂ ಫೋನ್ ಮಾಡಿದ್ರು. ಇಬ್ಬರೂ ನಮ್ಮಪ್ಪನ ಕಾಲದ ಗಿರಾಕಿಗಳು. ಒಬ್ಬರಿಗೆ ಹೂಂ ಅಂದು ಇನ್ನೊಬ್ಬರಿಗೆ ಉಹೂಂ ಅನ್ನೋದು ಹೇಗೆ ಹೇಳಿ? ಅದಕ್ಕೇ ಮುಂದೆ ಹಿರುಕಾವಾ ಅವರದ್ದು, ಹಿಂದೆ ಟೊಡೊರೊಕಿ ಅವರದ್ದು.”

“ಮತ್ತೆ ನಾನು ಹೇಳಿದ್ದು?”

“ನೀವು ಬೇಜಾರು ಮಾಡ್ಕೊಳ್ಳಲ್ಲ ಅಂತ ಗೊತ್ತಿತ್ತು.”

ಹಾದಿಯುದ್ದಕ್ಕೂ ಎತ್ತು ಏರಿಗೆ, ಕೋಣ ನೀರಿಗೆ. ಮುಂದಿನ ಚಕ್ರ ಒಂದು ಕಡೆ ಹೊರಳಿದರೆ ಹಿಂದಿನದು ಯೋಚಿಸಿ ಇನ್ನೊಂದು ಕಡೆ ವಾಲುತ್ತಿತ್ತು. ಹೇಗೋ ಬೀದಿ ತಲುಪಿದ. ಹೂಕುಂಡಕ್ಕೆ ನೀರು ಹಾಕುತ್ತಿದ್ದ ಹಿರುಕಾವಾಗೆ ಹಿಂದಿನ ಟೈರು ಮಾತ್ರ ಕಂಡಿತು. ಕಿಟಕಿಯಲ್ಲಿ ನಿಂತಿದ್ದ ಟೊಡೊರೊಕಿಗೆ ಮುಂದಿನದು ಮಾತ್ರ. ಅವರು ಬೆನ್ನು ತಿರುಗಿಸಿದರು, ಇವರು ಸದ್ದಿಲ್ಲದೆ ಕಿಟಕಿ ಮುಚ್ಚಿಕೊಂಡರು. ಧಡಾರನೆ ಮುಚ್ಚಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನು ಕ್ಷಮೆ ಕೇಳದೆ ಗತಿಯಿಲ್ಲ. ತಪ್ಪು ಯಾರದೋ, ಸಿಹಿ ತರಬೇಕಾದವನು ಇವನು. ಕೆಂಪು ಕಾಳಿನ ಸಿಹಿಯ ಡಬ್ಬಿ ಎರಡು ಕೊಂಡು, ಎರಡೂ ಮನೆಯ ಹೊಸ್ತಿಲಲ್ಲಿ ಮಂಡಿಯೂರಿ, ಮುಂದೆ ಒಬ್ಬರದ್ದು ಹಿಂದೆ ಇನ್ನೊಬ್ಬರದ್ದು ಆದ ಕಥೆ ಹೇಳಿ, ತಲೆಬಾಗಿಸಿ ಬಂದ. ಪರವಾಗಿಲ್ಲ, ಇನ್ನೊಬ್ಬರ ಮಾತನ್ನೂ ಕೇಳಿದ್ದು ಒಳ್ಳೆಯದೇ ಆಯಿತು ಎಂದು ಎರಡೂ ಮನೆಯಲ್ಲಿ ಒಂದೇ ಉತ್ತರ. ಅಂಥ ಉತ್ತರಕ್ಕಿಂತ ಕಪಾಳಕ್ಕೆ ಬಿಟ್ಟಿದ್ದರೆ ಒಳ್ಳೆಯದಿತ್ತು.

ಕುಸಕಾಬೆಯ ಪಿತ್ತ ನೆತ್ತಿಗೇರಿದ್ದು ಆಗಲೇ. ಹುಟ್ಟಿದಾರಭ್ಯ ಯಾರಿಗೂ ಎದುರಾಡದವನು ಅದೇ ಗಾಡಿಯಲ್ಲಿ ಹೊಯ್ದಾಡುತ್ತಾ ಅಂಗಡಿಗೆ ವಾಪಸು ಹೋಗಿ ಇವಾಸೆಯ ಮುಂದೆ ನಿಂತ.

“ಎರಡನ್ನೂ ಬಿಚ್ಚು. ನಾನು ಹೇಳಿದ ಜೋಡಿ ಹಾಕು. ಯಾರೇ ಫೋನ್ ಮಾಡಲಿ, ಇದು ನನ್ನ ಗಾಡಿ.”

ಹೇಳಿದವನು ಕದಲದೆ, ಕಡೆಯ ನಟ್ಟು ಬಿಗಿಯುವ ತನಕ ಅಲ್ಲೇ ನಿಂತಿದ್ದ. ಮನೆಗೆ ಬರುವಾಗ ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುವುಗಳಲ್ಲಿ ಹೊರಳಿತು. ಚಿಜುಕೊ ಹೊರಗೆ ಬಂದು ಎರಡೂ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನಿಂತ ಗಾಡಿಯ ಹಿಂದಿನ ಸೀಟಿನ ಮೇಲೆ ಒಮ್ಮೆ ಕುಳಿತು, ಇಳಿದು, ನಾಳೆ ಬೇಗ ಹೊರಡೋಣ ಎಂದಳು. ಕುಸಕಾಬೆ ಹಾಡಿಕೊಂಡು ಸ್ನಾನ ಮಾಡಿದ. ತಣ್ಣಗಿನ ಬಿಯರ್ ಕುಡಿದು ಚಾಪೆಯ ಮೇಲೆ ಹಾಗೇ ನಿದ್ದೆಹೋದ.

ಅತ್ತ ಸಿಹಿಯ ಡಬ್ಬಿಗಳು ತಮ್ಮ ಕೆಲಸ ಮಾಡುತ್ತಿದ್ದವು. ಪಾಪದವನನ್ನು ಇಷ್ಟು ಗೋಳು ಹೊಯ್ದುಕೊಂಡೆನಲ್ಲ ಎಂದು ಹಿರುಕಾವಾಗೆ ಗಂಟಲಲ್ಲಿ ಸಿಹಿ ಇಳಿಯಲಿಲ್ಲ. ಟೊಡೊರೊಕಿಗೂ ಅಷ್ಟೆ. ಮೇಲಾಗಿ, ಉಡುಗೊರೆ ಬಂದ ಮೇಲೆ ಮರಳಿ ಕೊಡದೆ ಇರುವಂತಿಲ್ಲ. ಹಟ ಬಿಟ್ಟು ತಾವೇ ಸೋಲುವುದೆಂದು ಇಬ್ಬರೂ ತೀರ್ಮಾನಿಸಿದರು. ಒಬ್ಬರಿಗೊಬ್ಬರು ಹೇಳಲಿಲ್ಲ, ಹೇಳಿದರೆ ಅವರಿಗೆ ಮುಜುಗರವಾದೀತಲ್ಲ. ತನ್ನ ಪಾಲಿನ ಮುಂದಿನ ಚಕ್ರಕ್ಕೆ ಟೊಡೊರೊಕಿ ಮೆಚ್ಚುವ ಹೊಸ ಟೈರು ಇರಲಿ ಎಂದುಕೊಂಡರು ಹಿರುಕಾವಾ. ತನ್ನ ಪಾಲಿನ ಹಿಂದಿನ ಚಕ್ರಕ್ಕೆ ಹಿರುಕಾವಾ ಮೆಚ್ಚುವ ಹಳೆಯ ಮಾದರಿಯೇ ಇರಲಿ ಎಂದುಕೊಂಡರು ಟೊಡೊರೊಕಿ. ಇಬ್ಬರೂ ಇವಾಸೆಯಿಂದ ಟೈರು ತರಿಸಿಕೊಂಡರು. ನಡೆದದ್ದೆಲ್ಲ ಗೊತ್ತಿದ್ದೂ ಇವಾಸೆ ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಹೊರಗೆ ನಗು ಕೇಳಿ ಕುಸಕಾಬೆಗೆ ಎಚ್ಚರವಾಯಿತು. ಬಾಗಿಲು ಸರಿಸಿದರೆ ಹಿರಿಯರಿಬ್ಬರೂ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಚಿಜುಕೊ ಕೊಟ್ಟ ಚಹಾ ಕುಡಿಯುತ್ತಿದ್ದರು. ಕೈಯೆಲ್ಲ ಗ್ರೀಸು, ಇಬ್ಬರ ಕಣ್ಣೂ ಒದ್ದೆ. ಟೈರು ಹೊತ್ತುಕೊಂಡು ಇಬ್ಬರೂ ಒಂದೇ ಹೊತ್ತಿಗೆ ಗೇಟಿನ ಹತ್ತಿರ ಎದುರಾದರಂತೆ. ಅಷ್ಟು ವರ್ಷದ ಮೇಲೆ ನೇರವಾಗಿ ಮಾತಾಡಿದರಂತೆ. ಆಮೇಲೆ, ಮಲಗಿದವನನ್ನು ಎಬ್ಬಿಸುವುದೇಕೆಂದು ತಾವೇ ಚಕ್ರ ಬಿಚ್ಚಿ ಹಾಕಿದರಂತೆ.

ಗಾಡಿಯ ಮುಂದೆ ಈಗಿನ ಟೈರು. ಹಿಂದೆ ಹಳೆಯದು. ಮಧ್ಯಾಹ್ನದ್ದೇ ಸಂಕಟ, ತಿರುಗುಮುರುಗಾಗಿ.

“ಅದರಲ್ಲಿದ್ದ ಜೋಡಿ?” ಎಂದ ಕುಸಕಾಬೆ, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ.

“ಅದೇನೋ ಇವಾಸೇನೇ ಹಾಕಿದ್ದ ಸಾಧಾರಣ ಮಾಲು. ಕರೆಸಿ ವಾಪಸ್ ಕಳಿಸಿದ್ವಿ. ಇವಾಸೆ ಒಳ್ಳೇ ಹುಡುಗ, ಒಂದು ಮಾತೂ ಆಡ್ಲಿಲ್ಲ” ಎಂದರು ಹಿರುಕಾವಾ.

ಚಿಜುಕೊ ಗಾಡಿ ನೋಡಿದಳು, ಗಂಡನನ್ನು ನೋಡಿದಳು. “ಏನ್ರೀ, ಇದು ಸರಿಯಾಗಿದೆಯಾ?”

ಹಿರಿಯರಿಬ್ಬರೂ ಚಹಾದ ಬಟ್ಟಲನ್ನು ತುಟಿಯ ಹತ್ತಿರವೇ ಹಿಡಿದು ಕುಸಕಾಬೆಯ ಮುಖ ನೋಡುತ್ತಿದ್ದರು. ಬೆಳಗಿನಿಂದ ಒಮ್ಮೆಯಾದರೂ ಗಂಡಸಿನ ಹಾಗೆ ಮಾತಾಡಿದ್ದನಲ್ಲ, ಆ ಧ್ವನಿಯನ್ನು ಅವನು ಗಂಟಲೆಲ್ಲ ಹುಡುಕಿದ. ಸಿಗಲಿಲ್ಲ.

“ಸರಿಯಾಗಿದೆ” ಎಂದು ಆಳಕ್ಕೆ ತಲೆಬಾಗಿಸಿದ.

ಚಿಜುಕೊ ಆ ತಲೆಯನ್ನು ಸ್ವಲ್ಪ ಹೊತ್ತು ನೋಡಿ, ಹಿರಿಯರಿಗೆ ಕೃತಜ್ಞತೆ ಹೇಳಿ ಒಳಗೆ ಹೋದಳು. ಅವರು ಹೋದ ಮೇಲೆ ಕುಸಕಾಬೆ ಅಡಿಗೆಮನೆಗೆ ಬಂದು ನಾಳಿನ ಸುದ್ದಿ ಎತ್ತಿದ. ಆಕೆ ಅಕ್ಕಿ ತೊಳೆಯುತ್ತಲೇ ಉತ್ತರ ಕೊಟ್ಟಳು.

“ನಾನು ರೈಲಲ್ಲಿ ಬರ್ತೀನಿ. ನೀವು ಗಾಡೀಲೇ ಬನ್ನಿ. ಹಿಂದಿನ ಟೈರು ಹೇಗೆ ಹಿಡಿಯುತ್ತೆ ಅಂತ ಟೊಡೊರೊಕಿ ಅವರು ಕೂತು ನೋಡ್ಬೇಕಂತೆ, ಆ ಸೀಟು ಖಾಲಿನಾ ಅಂತ ಕೇಳಿದ್ರು. ಹಿರಿಯರಿಗೆ ಇಲ್ಲ ಅನ್ನೋದು ಹೇಗೆ? ಹೂಂ ಅಂದ್ಬಿಟ್ಟೆ.”