ಚೀಟಿ ಹಚ್ಚಿ ಮಾರುವ ಮಾಮಾ

ಹೈದರಾಬಾದಿನ ಅತ್ಯಂತ ಕೆಟ್ಟ ವ್ಯಾಪಾರಿ ಯಾರು ಎಂದು ಯಾರಾದರೂ ಸ್ಪರ್ಧೆ ಇಟ್ಟರೆ ಬಹುಮಾನ ನಮ್ಮ ಮನೆಗೇ ಬರುತ್ತದೆ! ತನ್ನ ಮೊಸರು ಹುಳಿ ಎಂದು ಯಾರಾದರೂ ಹೇಳುತ್ತಾರೆಯೇ? ನನ್ನ ಸೋದರಮಾವ ಹೇಳುತ್ತಾರೆ. ಹೇಳಿ ಸುಮ್ಮನಿರುವುದಿಲ್ಲ, ಎಷ್ಟು ಹುಳಿ ಎಂದು ಅಳೆದು, ಚೀಟಿ ಬರೆದು, ಗಡಿಗೆಗೆ ಹಚ್ಚಿಬಿಡುತ್ತಾರೆ.

ಅವರು ಮಾರುವುದು ಮೊಸರಲ್ಲ, ಕ್ರಿಕೆಟ್ ಆಟಗಾರರ ಚಿತ್ರವಿರುವ ಕಾರ್ಡುಗಳು. ಮೊದಲೆಲ್ಲ ಬಬಲ್ ಗಮ್ಮಿನ ಜೊತೆ ಪುಕ್ಕಟೆ ಬರುತ್ತಿದ್ದವಲ್ಲ, ಅವು. ಆ ಕಾಲಕ್ಕೆ ಮಾಮಾನಿಗೆ ಮೂವತ್ತು ದಾಟಿತ್ತು. ಗಮ್ಮಿನ ಡಬ್ಬಿಯನ್ನೇ ಕೊಂಡು ಕಾರ್ಡು ತಾವಿಟ್ಟುಕೊಂಡು ಗಮ್ಮನ್ನು ಕಾರ್ಖಾನೆಯಲ್ಲಿ ಹಂಚುತ್ತಿದ್ದರಂತೆ. ಇಡೀ ಸೆಕ್ಷನ್ನು ಎಮ್ಮೆಗಳಂತೆ ಮೆಲುಕು ಹಾಕುತ್ತ ಕೂತಿರುತ್ತಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಗಮ್ಮಿನ ಕಾಲ ಮುಗಿದ ಮೇಲೆ ಕೋಠಿಯ ಹಳೇ ಪುಸ್ತಕದ ಅಂಗಡಿಗಳನ್ನು ಜಾಲಾಡಿ ಕಾರ್ಡು ತರತೊಡಗಿದರು.

ಕಾರ್ಖಾನೆ ಅಂದೆನಲ್ಲ, ಅದು ಬಾಲಾನಗರದಲ್ಲಿ. ರಾಯಚೂರ ಕಡೆಯಿಂದ ಬಂದ ಮಾಮಾ ಅಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ ಮತ್ತೆ! ವಿಮಾನಕ್ಕೆ ಹೋಗುವ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ದೋಷದ ಚೀಟಿ ಹಚ್ಚಿ ವಾಪಸು ಕಳಿಸುವ ನೌಕರಿ. ನಿವೃತ್ತಿಯಾಯಿತು, ಚಟ ನಿವೃತ್ತಿಯಾಗಲಿಲ್ಲ. ನನಗೆ ಹೆಣ್ಣು ನೋಡಲು ಕಲಬುರಗಿಗೆ ಹೋದಾಗ ತಟ್ಟೆಯಲ್ಲಿದ್ದ ಐದು ಉಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಹುಡುಗಿಯ ತಂದೆ ಗಾಬರಿಯಾಗಿ, "ಯಾಕ್ರೀ, ಏನಾತು?" ಅಂದರು.

"ಏನಿಲ್ರಿ. ನಾಲ್ಕು ಪಾಸ್ ಅದಾವು. ಈ ಮೂಲ್ಯಾಗಿಂದು ದುಂಡಗ ಇಲ್ಲ."

ಆ ಸಂಬಂಧ ಅಲ್ಲಿಗೇ ಮುಗಿಯಿತು. ಉಂಡಿ ಮಾಡಿದವಳು ಹುಡುಗಿಯೇ ಅಂತೆ!

ಕಾರ್ಡುಗಳಿಗೂ ಇದೇ ಗತಿ. ವರ್ನಿಯರ್ ಎಂಬ ಅಳತೆಯ ಉಪಕರಣದಿಂದ ನಾಲ್ಕೂ ಅಂಚು ಅಳೆಯುವುದು, ಭೂತಗನ್ನಡಿಯಲ್ಲಿ ಮೂಲೆ ನೋಡುವುದು, ಹಳದಿ ಚೀಟಿ ಬರೆಯುವುದು. "ಎಡಮೂಲೆ ಮಡಚಿದೆ." "ಹಿಂಬದಿ ಎಣ್ಣೆ ಕಲೆ." ಪಾಪ, ಶತಕ ಹೊಡೆದ ಆಟಗಾರನಿಗೂ ಎಣ್ಣೆ ಕಲೆ! ಹೀಗೆ ಚೀಟಿ ಹೊತ್ತ ಸಾವಿರಾರು ಕಾರ್ಡುಗಳು ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ಕೊನೆಗೆ ಅಡುಗೆಮನೆಯ ಬೇಳೆ ಡಬ್ಬಿಗಳ ನಡುವೆಯೂ ಸೇರಿಕೊಂಡವು. ಒಂದು ದಿನ ತೊಗರಿಬೇಳೆ ಎಂದು ತೆಗೆದ ಡಬ್ಬಿಯಿಂದ ಹನ್ನೊಂದು ಜನ ವೇಗದ ಬೌಲರುಗಳು ಹೊರಬಿದ್ದರು. ಅತ್ತೆ ಅಂದೇ ತೀರ್ಪು ಕೊಟ್ಟರು.

"ಆಯಿತವಾರ ಶಂಶಾಬಾದಿನಾಗ ಕಾರ್ಡಿನ ಮೇಳ ಐತಿ ಅಂತಲ್ಲ, ಹೋಗ್ರಿ. ಅರ್ಧಾ ಮಾಲು ಮಾರಿ ಬರ್ರಿ. ಇಲ್ಲಂದ್ರ ಸೋಮವಾರ ಎಲ್ಲಾ ರದ್ದಿಯವಗ!"

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಮಾಮಾನ ಮುಖ ಬಾಡಿಹೋಯಿತು. ಅವರು ಬಾಡಿದ್ದು ಕಂಡು ನಾನೇ ಟ್ರಂಕು ಹೊತ್ತುಕೊಂಡು ಜೊತೆಗೆ ಹೊರಟೆ.

ವಿಮಾನ ನಿಲ್ದಾಣದ ಹತ್ತಿರದ ಫಂಕ್ಷನ್ ಹಾಲು. ಸಾಲು ಸಾಲು ಟೇಬಲ್ಲು, ಥಳಥಳ ಹೊಸ ಕಾರ್ಡುಗಳು, ಚೌಕಾಶಿ ಮಾಡುವ ಹುಡುಗರು. ನಮ್ಮ ಟೇಬಲ್ಲಿನ ಮೇಲೆ ಮಾತ್ರ ಹಳದಿ ಚೀಟಿಗಳ ಜಾತ್ರೆ. ಬಂದವರು ಓದುತ್ತಿದ್ದರು, ನಗುತ್ತಿದ್ದರು, ಮುಂದಕ್ಕೆ ಹೋಗುತ್ತಿದ್ದರು. ಹನ್ನೆರಡಾದರೂ ಬೋಣಿಗೆಯಿಲ್ಲ. ನನಗೆ ಕಣ್ಣ ಮುಂದೆ ರದ್ದಿಯವನ ತಕ್ಕಡಿಯೇ ಕಾಣತೊಡಗಿತು.

ಮಾಮಾ ಚಹಾ ಕುಡಿಯಲು ಎದ್ದು ಹೋದರು. ನಾನು ನೋಡಲು ಚೆನ್ನಾಗಿದ್ದ ಕಾರ್ಡೊಂದರ ಚೀಟಿಯನ್ನು ಮೆಲ್ಲಗೆ ಕಿತ್ತೆ. ಐದೇ ನಿಮಿಷ! ಕಾಲೇಜು ಹುಡುಗಿಯೊಬ್ಬಳು ಅಪ್ಪನಿಗೆಂದು ಕೇಳಿದ ಬೆಲೆ ಕೊಟ್ಟು ಕೊಂಡೊಯ್ದಳು. ವ್ಯಾಪಾರ ಅಂದರೆ ಹೀಗೆ ಎಂದು ನಾನು ಬೀಗುತ್ತಿರುವಾಗ ಮಾಮಾ ಬಂದರು. ಅವರ ಕಣ್ಣು ನನ್ನ ಮೊಣಕೈಗೆ ಹೋಯಿತು. ಕಿತ್ತ ಚೀಟಿ ಅಲ್ಲೇ ಅಂಟಿಕೊಂಡಿತ್ತು!

ಮಾಮಾ ಅದನ್ನು ಓದಿದವರೇ ಹುಡುಗಿಯ ಹಿಂದೆ ಓಡಿದರು. ಮಂಡಿನೋವಿನ ಮನುಷ್ಯ, ಕೈಯಲ್ಲಿ ವರ್ನಿಯರ್ ಹಿಡಿದು, "ಆಗಮ್ಮಾ! ಆಗಮ್ಮಾ!" ಎಂದು ನಿಲ್ಲುವಂತೆ ತೆಲುಗಿನಲ್ಲಿ ಕೂಗುತ್ತ ಗೇಟಿನವರೆಗೆ! ಹುಡುಗಿಯನ್ನು ಕರೆತಂದು ಹಣ ವಾಪಸು ಕೊಟ್ಟು, ಕಾರ್ಡಿನ ಬಲ ಅಂಚನ್ನು ಯಾರೋ ಕತ್ತರಿಸಿ ನೇರ ಮಾಡಿದ್ದನ್ನು ಅಳೆದು ತೋರಿಸಿದರು. ಅವಳು ಬ್ಯಾಗಿನಿಂದ ಇನ್ನೊಂದು ಕಾರ್ಡು ತೆಗೆದು, "ಅಂಕಲ್, ಯೆ ಭೀ ದೇಖೋ ನಾ," ಅಂದಳು. ಬೆಳಿಗ್ಗೆ ಬೇರೆ ಟೇಬಲ್ಲಿನಲ್ಲಿ ದುಬಾರಿ ಬೆಲೆಗೆ ಕೊಂಡದ್ದಂತೆ.

ಮಾಮಾ ಅಳೆದರು. ತಿರುಗಿಸಿದರು. ಮತ್ತೆ ಅಳೆದರು. "ಪಾಸ್!"

ಹುಡುಗಿ ಕುಣಿದೇಬಿಟ್ಟಳು. ಅಂಚು ಕತ್ತರಿಸಿದ ಆ ಮೊದಲಿನ ಕಾರ್ಡನ್ನೂ ಕಡಿಮೆ ಬೆಲೆಗೆ ಕೇಳಿ ಪಡೆದಳು, ಚೀಟಿ ಸಮೇತ. ಅದನ್ನು ನೋಡಿ ತನ್ನ ಕಾರ್ಡು ತೋರಿಸಲು ಒಬ್ಬ ಬಂದ, ಇನ್ನೊಬ್ಬ ಬಂದ. ಮಧ್ಯಾಹ್ನ ಅತ್ತೆ ಬುತ್ತಿ ಕಟ್ಟಿಕೊಂಡು ಬರುವ ಹೊತ್ತಿಗೆ ನಮ್ಮ ಟೇಬಲ್ಲಿನ ಮುಂದಿನ ಸಾಲು ಬಾಗಿಲು ದಾಟಿ ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ವ್ಯಾಪಾರಿಗಳೂ ತಮ್ಮ ಟೇಬಲ್ಲು ಬಿಟ್ಟು ಬಂದು ಕಾರ್ಡು ಹಿಡಿದು ನಿಂತಿದ್ದರು.

ನನಗೋ ಸಿಟ್ಟು. "ಮಾಮಾ, ಮಂದಿ ಮಾಲು ಪುಕ್ಕಟೆ ನೋಡಾಕತ್ತೀರಿ. ನಮ್ಮ ಮಾಲು ಯಾರ್ ಮಾರೋರು? ಒಂದು ಚೀಟಿ ಕಿತ್ತಿದ್ದಕ್ಕ ಇಷ್ಟ್ಯಾಕ್ರಿ?"

ಆಗಷ್ಟೇ ನೆತ್ತಿಯ ಮೇಲೆ ವಿಮಾನವೊಂದು ಸದ್ದು ಮಾಡುತ್ತ ಹಾದುಹೋಯಿತು. ಮಾಮಾ ಸದ್ದು ಅಡಗುವವರೆಗೆ ಕಾದರು.

"ತಮ್ಮಾ, ಮ್ಯಾಲೆ ಕುಂತಾವ ನನ್ನ ಮುಖ ನೋಡಿಲ್ಲ. ನಾ ಪಾಸ್ ಅಂದೀನಿ ಅಂತ ನಂಬಿ ಹಾರ್ತಾನ. ಆ ಹುಡುಗೀನೂ ನಂಬಿ ತಗೊಂಡಿತ್ತು."

ನನಗೆ ನಾಚಿಕೆ ಒಂದು ಕಡೆ, ಇಂಥವರ ಸೋದರಳಿಯ ನಾನು ಎಂಬ ಹೆಮ್ಮೆ ಇನ್ನೊಂದು ಕಡೆ. ಇದನ್ನೆಲ್ಲ ಕೇಳಿದ ಅತ್ತೆ ಬುತ್ತಿಯ ಗಂಟು ಬಿಚ್ಚದೆ ಬದಿಗಿಟ್ಟರು. ಆಮೇಲೆ ಕುರ್ಚಿ ಎಳೆದು ಕೂತು ಪೆನ್ನು ಕೈಗೆತ್ತಿಕೊಂಡರು. "ಹೇಳ್ರಿ, ಚೀಟಿ ನಾ ಬರೀತೀನಿ. ನಿಮ್ಮ ಅಕ್ಷರ ಯಾರಿಗೂ ತಿಳಿಯಂಗಿಲ್ಲ."

ಸಂಜೆಯವರೆಗೆ ನಮ್ಮದು ಮಾರಾಟವಾದದ್ದು ಆ ಹುಡುಗಿ ಕೊಂಡ ಒಂದೇ ಕಾರ್ಡು.

ಬಸ್ಸಿನಲ್ಲಿ ಮಾಮಾ ಟ್ರಂಕನ್ನು ಸೀಟಿನ ಮೇಲೆ ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು. ನಾಳೆ ಸೋಮವಾರ, ರದ್ದಿಯವನ ಪಾಳಿ. ಕಂಡಕ್ಟರ್ ಬಂದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಅತ್ತೆಯ ಟಿಕೆಟ್ಟಿಗೆ ದುಡ್ಡಿನ ಮಾತೇ ಇಲ್ಲ. ಸೀಟಿನ ಮೇಲಿದ್ದ ಟ್ರಂಕನ್ನು ಕೆಳಗಿಡಿ ಎಂದು ಅವನು ಕೈ ತೋರಿಸಿದ.

"ಕೆಳಗ ಇಡೂ ಸಾಮಾನಲ್ಲ ಇದು!" ಅತ್ತೆ ತೆಲುಗು ಮರೆತು ಕನ್ನಡದಲ್ಲೇ ಗದರಿದರು. "ಇದಕ್ಕೊಂದು ಟಿಕೆಟ್ ಕೊಡಪಾ!"

ಆಮೇಲೆ ಮಾಮಾನ ಕಡೆ ತಿರುಗಿದರು. "ನಾಳಿ ನನ್ನ ಸೀರಿ ಅಲಮಾರಿ ಖಾಲಿ ಮಾಡ್ತೀನ್ರಿ. ಇವನ್ನೆಲ್ಲ ಅದರಾಗ ಇಡ್ರಿ."

ಮಾಮಾ ನಂಬಲಾರದೆ ನೋಡಿದರು. "ಮತ್ತ ನಿನ್ನ ಸೀರಿ?"

"ಮಂಚದ ಕೆಳಗ ಇರ್ತಾವ. ಅವನ್ನ ನೋಡಾಕ ಯಾರು ಸಾಲು ಹಚ್ತಾರ?"

"ನಾ ಒಬ್ಬಾವ ನಿಲ್ತೀನಲ್ಲ," ಅಂದರು ಮಾಮಾ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆದರೂ ನಗು ಇಡೀ ಬಸ್ಸಿಗೆ ಕೇಳಿಸಿತು.